ಹಡಗಿನಲ್ಲಿ ಕರೆದ ಹೆಸರು

ಮಂಗಳೂರಿನ ಹಳೆ ಬಂದರಿಗೆ ನಾನು ಮೊನ್ನೆ ಹೋದದ್ದು ಒಣಮೀನು ತರಲಿಕ್ಕೆ. ಅಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಯೊಂದನ್ನು ದಡಕ್ಕೆ ಎಳೆದಿದ್ದರು. ಮರದ ದೊಡ್ಡ ಹಡಗಿಗೆ ನಮ್ಮ ಕರಾವಳಿಯಲ್ಲಿ ಮಂಜಿ ಎನ್ನುತ್ತಾರೆ. ಇಬ್ಬರು ಅದರ ಹೊಟ್ಟೆಗೆ ಮೀನೆಣ್ಣೆ ಬಳಿಯುತ್ತಿದ್ದರು. ಬಿಸಿಲಿಗೆ ಕಾದ ಮರ, ಅದರ ಮೇಲೆ ಆ ಎಣ್ಣೆ. ಯಾರಾದರೂ ಮೂಗು ಮುಚ್ಚಿಕೊಳ್ಳಬೇಕು. ನಾನು ಮುಚ್ಚಿಕೊಳ್ಳಲಿಲ್ಲ. ಈರುಳ್ಳಿ ಮೂಟೆ ಹೊತ್ತವರು "ಬದಿಗೆ ನಿಲ್ಲಿ ಅಕ್ಕಾ" ಎಂದರೂ ಅಲ್ಲೇ ನಿಂತಿದ್ದೆ. ಆಟೋದಲ್ಲಿ ಕೂತಿದ್ದ ಉಮ್ಮ, ಅಂದರೆ ನನ್ನ ತಾಯಿ, ಹಿಂದಿನಿಂದ, "ಏ ಝೊಹರಾ! ನೀನು ಮೀನು ತರ್ಲಿಕ್ಕೆ ಹೋದದ್ದಾ, ಹಡಗು ತರ್ಲಿಕ್ಕಾ?" ಎಂದು ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದಳು.

ಉಮ್ಮ ಹೀಗೆ ಹಿಂದಿನಿಂದ ಕರೆಯಲು ಶುರುಮಾಡಿದ್ದು ದೋಹಾದಲ್ಲಿ, ಒಂದು ಚಳಿಗಾಲದ ಕೊನೆಗೆ. ಅದಕ್ಕೂ ಮೊದಲು ಅವಳ ಬಾಯಿಂದ ಅಂಥ ಕೂಗು ನಾನು ಕೇಳಿದ್ದೇ ಇಲ್ಲ. ನಮ್ಮ ಮನೆಮಾತು ಬ್ಯಾರಿ. ಆಗ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಕ್ರೀಡಾಕೂಟ ಮುಗಿದ ಮರುವರ್ಷ ಅದು. ಕೂಟ ಮುಗಿದರೂ ಊರು ಅಗೆಯುವುದು ಮುಗಿದಿರಲಿಲ್ಲ. ನಜ್ಮಾ ಬಡಾವಣೆಯ ನಮ್ಮ ಹಳೆ ಕಟ್ಟಡದ ತಾರಸಿಗೆ ಬಟ್ಟೆ ಒಣಗಿಸಲು ಹೋದರೆ ವೆಸ್ಟ್ ಬೇ ಕಡೆ ಕ್ರೇನುಗಳದ್ದೇ ಕಾಡು. ಇವರು, ಅಂದರೆ ನನ್ನ ಗಂಡ ಅಶ್ರಫ್, ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಮನುಷ್ಯ ಅರ್ಧ ಸವೆಯುತ್ತಿದ್ದರು. ಮದುವೆಯಾಗಿ ಬಹಳ ವರ್ಷದ ಮೇಲೆ ನಾನು ಬಸುರಾಗಿದ್ದೆ. ಬಾಣಂತನಕ್ಕೆ ಊರಿಗೆ ಹೋಗುವುದು ನಮ್ಮ ಕ್ರಮ, ಆದರೆ ಡಾಕ್ಟರು ವಿಮಾನ ಬೇಡವೆಂದರು. ಹಾಗಾಗಿ ಜನ್ಮದಲ್ಲಿ ವಿಮಾನ ಹತ್ತದ ಉಮ್ಮ ವಿಸಿಟ್ ವೀಸಾದಲ್ಲಿ ಬಂದಿಳಿದಳು.

ಬರುವಾಗ ಅವಳು ಒಂದು ಸಣ್ಣ ಗೂಡಂಗಡಿಯನ್ನೇ ಹೊತ್ತು ತಂದಿದ್ದಳು. ಬೆಳ್ಳುಳ್ಳಿ ಲೇಹ್ಯದ ಭರಣಿ, ಓಮ, ಕರಿಜೀರಿಗೆ, ತೆಂಗಿನೆಣ್ಣೆ, ಮಗುವಿಗೆ ಸುತ್ತಲು ತೊಳೆದು ತೊಳೆದು ಮೆತ್ತಗಾದ ಹಳೆ ಸೀರೆಯ ತುಂಡುಗಳು. ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಭರಣಿಯ ಮುಚ್ಚಳ ತೆಗೆದು ಮೂಸಿ, ಸಾಲಾಗಿ ಸೀನಿ, "ಖಲಾಸ್, ಯಲ್ಲಾ, ಯಲ್ಲಾ" ಎಂದು ಕೈ ಬೀಸಿದನಂತೆ. ಅವನ ಸೀನನ್ನು ಉಮ್ಮ ಬಂದವರಿಗೆಲ್ಲ ಮಾಡಿ ತೋರಿಸುತ್ತಿದ್ದಳು.

ಅವಳು ಬಂದ ವಾರದಲ್ಲೇ, ಒಂದು ಬೆಳಿಗ್ಗೆ, ಮಗು ಒದೆಯುವುದನ್ನು ನಿಲ್ಲಿಸಿತು. ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ಯಂತ್ರ ಆಡಿಸಿದ ಹುಡುಗಿ ಮಾತಾಡುತ್ತಿದ್ದವಳು ಸುಮ್ಮನಾದಳು. ಹೆರಬೇಕಾದ್ದನ್ನು ಹೇಗೂ ಹೆರಬೇಕಲ್ಲ, ಹೆತ್ತೆ. ಹೆಣ್ಣು. ಮೂಗು ಇವರದೇ, ಸ್ವಲ್ಪ ಅಗಲ. ತಲೆತುಂಬ ಕೂದಲಿತ್ತು. ಉಮ್ಮ ತಂದಿದ್ದ ಸೀರೆಯ ತುಂಡಿನಲ್ಲೇ ಸುತ್ತಿ, ನಮ್ಮೂರಿನವರು ಮೂವರನ್ನು ಕರೆದುಕೊಂಡು ಇವರು ಅಬು ಹಮೂರಿನ ಕಬರಸ್ತಾನಕ್ಕೆ ಒಯ್ದರು. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವ ಕ್ರಮವಿಲ್ಲ. ನಾನು ಆಸ್ಪತ್ರೆಯ ಮಂಚದಲ್ಲಿ ಕೂತು ಟ್ರೇಯಲ್ಲಿದ್ದ ಜೆಲ್ಲಿ ತಿಂದೆ. ಹಸಿರು ಬಣ್ಣದ್ದು. ಪೂರ್ತಿ ತಿಂದು ಮುಗಿಸಿದ್ದು ನೆನಪಿದೆ.

ಆಮೇಲೆ ನನಗೆ ಏನೂ ಆಗಲಿಲ್ಲ. ಇದನ್ನು ಜನ ನಂಬುವುದಿಲ್ಲ, ನಾನು ತಡೆದುಕೊಂಡೆ ಎನ್ನುತ್ತಾರೆ. ತಡೆದುಕೊಳ್ಳಲು ಒಳಗೆ ಏನಾದರೂ ಇರಬೇಕಲ್ಲ? ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ನಾನು ಪೂರ್ತಿ ಹಾಗೆ ಆಗಿದ್ದೆ. ನೋಡಲು ಬಂದವರು ಸೋಫಾದಲ್ಲಿ ಕೂತು "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ" ಎಂದರೆ "ಹೌದು, ಚಾ ಕುಡೀರಿ" ಎನ್ನುತ್ತಿದ್ದೆ. ಅವರೇ ಅಳುತ್ತಿದ್ದರು, ನಾನು ಟಿಶ್ಯೂ ಡಬ್ಬ ಮುಂದೆ ದೂಡುತ್ತಿದ್ದೆ.

ಉಮ್ಮ ಮಾತ್ರ ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವಳು ಬಾಣಂತನಕ್ಕೆ ಬಂದವಳು, ಬಾಣಂತನ ಮಾಡಿದಳು. ನಾನು ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆಯೇ ಮೀಯುವ ನೀರಿಗೆಂದು ಗ್ಯಾಸಿನ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆ ಏರಿತು.

"ಯಾರಿಗೆ ಉಮ್ಮಾ ಇದು? ಮಗುವೇ ಇಲ್ಲ," ಎಂದೆ.

"ಮಗು ಇಲ್ಲ ಅಂತ ಹೊಟ್ಟೆಗೆ ಗೊತ್ತುಂಟಾ? ಸೊಂಟಕ್ಕೆ ಗೊತ್ತುಂಟಾ? ಸುಮ್ನೆ ಕೂತ್ಕೊ ಮಾರಾಯ್ತಿ," ಎಂದು ತಲೆಗೆ ಎಣ್ಣೆ ತಟ್ಟಿದಳು.

ಗೊತ್ತಿಲ್ಲದ್ದು ಎದೆಗೂ ಕೂಡ. ಹಾಲು ಇಳಿಯಿತು. ಕಲ್ಲಿನ ಹಾಗೆ ಗಟ್ಟಿಯಾಗಿ, ಜ್ವರ ಬಂತು. ಹಾಲು ಬತ್ತಿಸಲು ಮಲ್ಲಿಗೆ ಹೂ ಕಟ್ಟಬೇಕು ಎಂದು ಉಮ್ಮ ಹಟ ಹಿಡಿದಳು. ದೋಹಾದಲ್ಲಿ ಎಲ್ಲಿಯ ಮಲ್ಲಿಗೆ? ಎದುರು ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ಲಿಲ್ಲಿಬಾಯಿ ಇದ್ದರು, ವೆಸ್ಟ್ ಬೇಯ ಆಫೀಸೊಂದರಲ್ಲಿ ಸೆಕ್ರೆಟರಿ. ಅವರ ಕ್ರೈಸ್ತ ಕೂಟದ ಶುಕ್ರವಾರದ ಪೂಜೆಗೆ ಬರುವವರಲ್ಲಿ ಯಾರ ತಂಗಿಗೋ ಮದುವೆ, ಅದಕ್ಕೆಂದು ಊರಿನ ಮಲ್ಲಿಗೆ ವಿಮಾನದಲ್ಲಿ ಬಂದಿತ್ತು. ಅದರಲ್ಲಿ ಎರಡು ಚೆಂಡು ಬೇಡಿ, ಐಸಿನಲ್ಲಿಟ್ಟು ತಂದರು.

"ಮದುಮಗಳ ಹೂವಾ?" ಎಂದು ಉಮ್ಮ ಕೇಳಿದಳು.

"ಅವಳ ತಲೆಯಲ್ಲಿ ಜಾಗವೇ ಇರ್ಲಿಲ್ಲ. ನೀವು ಕಟ್ಟಿ," ಎಂದರು ಲಿಲ್ಲಿಬಾಯಿ. ನನ್ನ ಕಡೆ ನೋಡದೆ ಬೇಗ ಹೋಗಿಬಿಟ್ಟರು.

ಉಮ್ಮ ಆ ಹೂವನ್ನು ಎದೆಗೆ ಒತ್ತಿ ಹಳೆ ಬಟ್ಟೆಯಲ್ಲಿ ಬಿಗಿದಳು. ಮಲ್ಲಿಗೆ ಬಾಡಿ, ಹಾಲಿನ ಹುಳಿವಾಸನೆ ಸೇರಿ, ಆ ಕೋಣೆ ಮದುವೆ ಮನೆಯ ಹಾಗೂ ಅಲ್ಲ, ಸಾವಿನ ಮನೆಯ ಹಾಗೂ ಅಲ್ಲ. ನಿಧಾನಕ್ಕೆ ಹಾಲು ಬತ್ತಿತು. ಆ ವಾರ ದೋಹಾದಲ್ಲಿ ಮಳೆ ಬಂತು. ಚರಂಡಿಯಿಲ್ಲದ ಊರು, ಒಂದು ಮಳೆಗೇ ರಸ್ತೆಯೆಲ್ಲ ಕೆರೆ. ಉಮ್ಮ ಕಿಟಕಿಯಲ್ಲಿ ನಿಂತು, "ಇಷ್ಟು ಮಳೆಗೆ ನಮ್ಮಲ್ಲಿ ಕೋಳಿಯೂ ಒಳಗೆ ಬರುವುದಿಲ್ಲ," ಎಂದು ನಕ್ಕಳು. ನಾನೂ ನಗಬೇಕಿತ್ತು ಅಂತ ಅನಿಸಿತು, ಅಷ್ಟೆ.

ಇವರು ನನ್ನ ಹತ್ತಿರ ಕೇಳುತ್ತಿದ್ದದ್ದು ಒಂದೇ. ಶಿಫ್ಟ್ ಮುಗಿಸಿ ಬಂದು, ಸಾಕ್ಸ್ ತೆಗೆಯುತ್ತಾ, ನೆಲ ನೋಡಿಕೊಂಡು: "ಒಂದು ಹೆಸರು ಹೇಳು ಝೊಹರಾ."

ಬದುಕಿರದಿದ್ದರೂ ಪೂರ್ತಿ ಬೆಳೆದ ಮಗುವಿಗೆ ಹೆಸರಿಡಬೇಕು, ಕಡೆಯ ದಿನ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು ಎಂದು ಮೌಲವಿಯೊಬ್ಬರು ಇವರಿಗೆ ಹೇಳಿದ್ದರು. ಶುಕ್ರವಾರ ಶುಕ್ರವಾರ ಇವರು ಒಬ್ಬರೇ ಅಬು ಹಮೂರಿಗೆ ಹೋಗಿ ಆ ಸಣ್ಣ ಮಣ್ಣುಗುಡ್ಡೆಯ ಹತ್ತಿರ ನಿಲ್ಲುತ್ತಿದ್ದರು. "ಏನಂತ ದುವಾ ಮಾಡುವುದು? ಮಗು ಮಗು ಅಂತ ಎಷ್ಟು ಸಲ ಹೇಳುವುದು? ಅಲ್ಲಿ ಎಲ್ಲ ಮಕ್ಕಳೇ," ಎಂದರು ಒಮ್ಮೆ. ನೀವೇ ಇಡಿ ಎಂದೆ. "ನೀನು ಒಂದು ಇಟ್ಟುಕೊಂಡಿದ್ದಿ, ನಂಗೆ ಗೊತ್ತುಂಟು," ಎಂದರು. ಇಟ್ಟುಕೊಂಡಿದ್ದೆ. ಆರನೆಯ ತಿಂಗಳಿಂದ ಹೊಟ್ಟೆಯ ಜೊತೆ ಆ ಹೆಸರಿನಲ್ಲೇ ಮಾತಾಡುತ್ತಿದ್ದೆ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಅದನ್ನೂ ಒಯ್ದು ಹೂತು ಬರುತ್ತಾರೆ ಎಂದು ನನಗೆ ಗಟ್ಟಿಯಾಗಿ ಅನಿಸಿತ್ತು. ನನ್ನ ಹತ್ತಿರ ಉಳಿದದ್ದು ಅದೊಂದೇ. ಕೊಡಲಿಲ್ಲ.

ಉಮ್ಮನ ಬಗ್ಗೆ ಎರಡು ಮಾತು ಹೇಳಬೇಕು. ಅವಳು ಅಳಿಯನ ಹತ್ತಿರ ನೇರ ಮಾತಾಡುತ್ತಿರಲಿಲ್ಲ. ಹಳೆ ಕಾಲದ ಮರ್ಯಾದೆ. ಇವರು ಅವಳ ಎದುರಿಗೇ ಉಣ್ಣುತ್ತಿದ್ದರೂ, "ಅವರಿಗೆ ಇನ್ನೂ ಎರಡು ಪತ್ತಿರ್ ಬೇಕಾ ಕೇಳು," ಎಂದು ನನಗೆ ಹೇಳುವುದು. ಇವರು, "ಬೇಕು ಅಂತ ಹೇಳು," ಎಂದು ನನಗೇ ಹೇಳುವುದು. ನಾನು ನಡುವೆ ಟೆಲಿಫೋನು.

ಇನ್ನೊಂದು, ಹೊರಟವರನ್ನು ಅವಳು ಹಿಂದಿನಿಂದ ಕರೆಯುತ್ತಿರಲಿಲ್ಲ, ಏನೇ ಆಗಲಿ. ಒಂದು ದಿನ ಇವರು ಬುತ್ತಿ ಮರೆತು ಶಿಫ್ಟಿಗೆ ಇಳಿದುಬಿಟ್ಟರು. ಕಿಟಕಿಯಿಂದ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಉಮ್ಮ ಮಂಡಿನೋವಿನ ಕಾಲಿನಲ್ಲಿ ಚಪ್ಪಲಿಯೂ ಇಲ್ಲದೆ ಮೆಟ್ಟಿಲಿಳಿದು, ಅವರನ್ನು ದಾಟಿ ಮುಂದೆ ಹೋಗಿ, ಬಸ್ಸಿನ ಬಾಗಿಲಲ್ಲಿ ಎದುರಾಗಿ ನಿಂತು ಬುತ್ತಿ ಚಾಚಿದಳಂತೆ. ಬಸ್ಸಿನವರೆಲ್ಲ ನಕ್ಕರಂತೆ.

ನಾನು ನಗಲಿಲ್ಲ, ಏಕೆಂದರೆ ಕಾರಣ ಗೊತ್ತಿತ್ತು. ಉಮ್ಮನ ಅಣ್ಣ ಹಸನಬ್ಬ, ಅವಳು ಹುಡುಗಿಯಾಗಿದ್ದಾಗ, ನಮ್ಮ ಬೆಂಗರೆಯ ದಡದಿಂದ ಮಂಜಿ ಹತ್ತಿ ಗಲ್ಫಿಗೆ ಹೊರಟವನು. ಪಾಸ್‌ಪೋರ್ಟ್ ಇಲ್ಲ, ಏನಿಲ್ಲ; ಆಗ ಹಾಗೆ ತುಂಬ ಜನ ಹೋಗುತ್ತಿದ್ದರು. ಅವನು ಅಂಗಳ ದಾಟಿದ ಮೇಲೆ ಅವಲಕ್ಕಿ ಗಂಟು ಜಗಲಿಯಲ್ಲೇ ಉಳಿದದ್ದು ಕಂಡು ಉಮ್ಮ, "ಹಸನ್ ಕಾಕಾ!" ಎಂದು ಕೂಗಿ ಓಡಿದಳು. ಅಣ್ಣನಿಗೆ ನಮ್ಮಲ್ಲಿ ಕಾಕಾ ಎನ್ನುವುದು. ಅವನು ತಿರುಗಿ, ನಕ್ಕು, ಗಂಟು ತೆಗೆದುಕೊಂಡು ಹೋದ. ಹಿಂದಿನಿಂದ ಕರೆದದ್ದಕ್ಕೆ ಅಜ್ಜಿ ಅವಳ ಕೆನ್ನೆಗೆ ಬಾರಿಸಿದರು. ಮಂಜಿಯಲ್ಲಿದ್ದ ಉಳಿದವರಿಂದ ಸುದ್ದಿ ಬಂತು. ಗಲ್ಫಿನ ಖೋರ್ ಫಕ್ಕಾನ್ ಹತ್ತಿರ, ರಾತ್ರಿ, ದಡಕ್ಕೆ ಈಜಿಕೊಳ್ಳಿ ಎಂದು ಎಲ್ಲರನ್ನೂ ನೀರಿಗೆ ಇಳಿಸಿದರು, ಹಸನಬ್ಬ ದಡದಲ್ಲಿ ಕಾಣಲಿಲ್ಲ. ಅಜ್ಜಿ ಸಾಯುವವರೆಗೂ ಅವನಿಗಾಗಿ, ಸತ್ತವರಿಗೆ ಮಾಡುವ ಮಯ್ಯತ್ ನಮಾಜು ಮಾಡಲು ಬಿಡಲಿಲ್ಲ, ಬರುತ್ತಾನೆ ಎಂದರು. ಉಮ್ಮ ಮತ್ತೆ ಯಾರನ್ನೂ ಹಿಂದಿನಿಂದ ಕರೆಯಲಿಲ್ಲ. ಆ ಹೆಸರೂ ಹೇಳಲಿಲ್ಲ. ನನಗೆ ಇದೆಲ್ಲ ಗೊತ್ತಾದದ್ದು ಚಿಕ್ಕಮ್ಮನಿಂದ. ಇವರಿಗೆ ಗೊತ್ತೇ ಇರಲಿಲ್ಲ.

ನಲವತ್ತರ ಸ್ನಾನ ಆಯಿತು. ಬಾಣಂತಿ ಹೊಸ್ತಿಲು ದಾಟಬಹುದು. ಉಮ್ಮನ ವೀಸಾವೂ ಮುಗಿಯುತ್ತಾ ಬಂದಿತ್ತು. ಅವಳು ದೋಹಾದಲ್ಲಿ ಕಂಡದ್ದು ನಮ್ಮ ಬಚ್ಚಲು ಮತ್ತು ಅಡುಗೆಮನೆ. ಶುಕ್ರವಾರ ಊಟವಾದ ಮೇಲೆ ಇವರು, "ಕಾರ್ನಿಶ್‌ನಲ್ಲಿ ಹಳೆ ಕಾಲದ ಹಡಗು ಮಾಡಿ ಇಟ್ಟಿದ್ದಾರಂತೆ, ಒಳಗೆಲ್ಲ ಹೋಗ್ಬಹುದಂತೆ. ಊರಿಗೆ ಬಂದವಳು ನೀರಿಗೆ ಬಾರದಿರ್ತಾಳಾ ಅಂತ ಕೇಳು ಉಮ್ಮನ ಹತ್ರ," ಎಂದರು. ಹಡಗು ಎಂದ ಕೂಡಲೇ ನನಗೆ ಬೇಡ ಎನಿಸಬೇಕಿತ್ತು. ಎನಿಸಲಿಲ್ಲ. ಹೋಗೋಣ ಎಂದೆ.

ಚಳಿಗಾಳಿ ಬೀಸುತ್ತಿತ್ತು, ಬಿಸಿಲು ಹಿತವಾಗಿತ್ತು. ಸಮುದ್ರದ ಅಂಚಿಗೆ ಮರದ ದೊಡ್ಡ ಹಡಗು, ಹಿಂದೆ ಇಂಡಿಯಾ ಕಡೆಯಿಂದ ಸಾಮಾನು, ಜನ ತರುತ್ತಿದ್ದ ಹಡಗುಗಳ ಹಾಗೇ ಹೊಸದಾಗಿ ಕಟ್ಟಿದ್ದು. ಅದರಲ್ಲಿ ಹಳೆ ಕಾಲವನ್ನೇ ನಡೆಸಿ ತೋರಿಸುತ್ತಿದ್ದರು. ಲುಂಗಿ ಸುತ್ತಿದ ಖಲಾಸಿಗಳು ಹಗ್ಗ ಎಳೆಯುವುದು, ಒಬ್ಬ ಮಣ್ಣಿನ ಒಲೆಯಲ್ಲಿ ರೊಟ್ಟಿ ಸುಡುವುದು. ಹತ್ತಿರ ಹೋದರೆ ಖಲಾಸಿಗಳಲ್ಲಿ ಒಬ್ಬ ಕಾಸರಗೋಡಿನವನು, ಇನ್ನೊಬ್ಬ ಬಂಗಾಳಿ. ನಖೋದನ, ಅಂದರೆ ಹಡಗಿನ ಯಜಮಾನನ, ವೇಷದಲ್ಲಿದ್ದ ಮುದುಕ ಮಾತ್ರ ಕತಾರಿನವನೇ. ಎಲ್ಲರೂ ಹತ್ತಿದ ಮೇಲೆ ಅವನು ಒಬ್ಬೊಬ್ಬರ ಹೆಸರು ಕೇಳಿ ಕೂಗುವುದು, ಹಡಗಿನಲ್ಲಿದ್ದವರೆಲ್ಲ ಒಟ್ಟಿಗೆ "ಹಾಜಿರ್!" ಎನ್ನುವುದು, ಅಲ್ಲಿಯ ಆಟ. ಮಕ್ಕಳಿಗೆ ಅದು ಭಾರೀ ಖುಷಿ.

ಏಣಿಯ ಬುಡದಲ್ಲೇ ಉಮ್ಮ ನಿಂತುಬಿಟ್ಟಳು. ಮೀನೆಣ್ಣೆಯ ವಾಸನೆ.

"ಇದು ನಮ್ಮದು," ಎಂದಳು.

"ಏನು ನಮ್ಮದು?"

"ಮಂಜಿ."

ಇವರ ಮುಖ ನೋಡಿದೆ. ಮೆಲ್ಲಗೆ ಎರಡೇ ಮಾತಿನಲ್ಲಿ ಹಸನಬ್ಬನ ವಿಷಯ ಹೇಳಿದೆ. "ಅಯ್ಯೋ ಅಲ್ಲಾಹ್, ಮೊದಲೇ ಹೇಳಬಾರದಾ? ವಾಪಸ್ ಹೋಗುವಾ," ಎಂದರು. ಅಷ್ಟರಲ್ಲಿ ಉಮ್ಮ ಬುರ್ಖಾ ಎತ್ತಿ ಹಿಡಿದು ಏಣಿ ಹತ್ತುತ್ತಿದ್ದಳು.

ಮೇಲೆ ಅವಳು ಒಲೆ ನೋಡಲಿಲ್ಲ, ಹಾಯಿ ನೋಡಲಿಲ್ಲ. ನೇರ ಹಡಗಿನ ಅಂಚಿಗೆ ಹೋಗಿ, ಎರಡೂ ಕೈ ಊರಿ, ಕೆಳಗಿನ ನೀರು ನೋಡಿದಳು. ತುಂಬ ಹೊತ್ತು ನೋಡಿದಳು. ನಖೋದ ಹತ್ತಿರ ಬಂದು ಖರ್ಜೂರದ ತಟ್ಟೆ ಚಾಚಿದ. ಎಲ್ಲಿಯವರು ಎಂದು ಕೇಳಿದ. ಮಂಗಳೂರು ಎಂದಾಗ ಮುದುಕನ ಮುಖ ಅರಳಿತು. ಹರೆಯದಲ್ಲಿ ಖಲಾಸಿಯಾಗಿ ಹಂಚು ತರಲು ಬಂದಿದ್ದನಂತೆ. ಬೊಂಬಾಯಿಯಲ್ಲಿ ಕಲಿತ ಹಿಂದಿಯಲ್ಲಿ, "ಮಂಗಲೂರ್! ಹಂಚು, ಮೆಣಸು, ಮಳೆ!" ಎಂದ.

ಆಗ ಉಮ್ಮ ಇವರ ಕಡೆ ತಿರುಗಿದಳು. ನನ್ನ ಕಡೆ ಅಲ್ಲ, ಇವರ ಕಡೆ. "ಅಶ್ರಫ್," ಎಂದಳು. ಇವರು ಬೆಚ್ಚಿದರು. "ಅವರ ಹತ್ರ ಕೇಳಿ. ಜನರನ್ನು ನೀರಿಗೆ ಇಳಿಸುವಾಗ, ಹೆಸರು ಕರೀತಿದ್ದರಾ?"

ಇವರು ಕೇಳಿದರು. ಮುದುಕ ತಟ್ಟೆಯನ್ನು ಹಗ್ಗದ ಸುರುಳಿಯ ಮೇಲೆ ಇಟ್ಟ. ಹಡಗಿನ ಆಟದಲ್ಲಿ ಆ ಪ್ರಶ್ನೆ ಇರಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ. "ಇಲ್ಲ. ಕಾವಲಿನ ದೋಣಿಗೆ ಕೇಳುತ್ತದಲ್ಲ. ದೀಪ ಇಲ್ಲ, ಮಾತಿಲ್ಲ. ಬೆನ್ನು ತಟ್ಟುವುದು, ಇಳಿಯುವುದು. ಯಾರು ಇಳಿದರು, ಯಾರು ದಡ ಸೇರಿದರು, ನಾವು ತಿರುಗಿ ನೋಡಲಿಲ್ಲ. ಯಾರೂ ಯಾರನ್ನೂ ಕರೆಯಲಿಲ್ಲ, ಉಮ್ಮೀ."

ಇವರು ಬ್ಯಾರಿಯಲ್ಲಿ ಹೇಳಿದರು. ಉಮ್ಮ ತಲೆಯಾಡಿಸಿದಳು.

"ಯಾರೂ ಕರೀಲಿಲ್ಲವಂತೆ," ಎಂದು ನನಗೆ ಹೇಳಿದಳು, ನನಗೆ ಕೇಳಿಸಿಯೇ ಇಲ್ಲವೇನೋ ಎನ್ನುವ ಹಾಗೆ. ಆಮೇಲೆ, "ಹಾಗಾದ್ರೆ ಅವನನ್ನು ಹೆಸರು ಹಿಡಿದು ಕಡೆಗೆ ಕರೆದದ್ದು ನಾನೇ. ಅವನು ತಿರುಗಿದ. ನಕ್ಕ," ಎಂದಳು. ಇಷ್ಟು ವರ್ಷ ಅವಳ ಕೆನ್ನೆಯ ಮೇಲಿದ್ದ ಆ ಪೆಟ್ಟು ಅಲ್ಲೇ ಇಳಿಯಿತೋ ಏನೋ, ಅವಳ ಮುಖ ಸಣ್ಣ ಹುಡುಗಿಯ ಮುಖ ಆಯಿತು. ಕಣ್ಣಲ್ಲಿ ನೀರು ಧಾರಾಳ ಬಂತು, ಅವಳು ಒರೆಸಲಿಲ್ಲ.

ಹೆಸರು ಕರೆಯುವ ಹೊತ್ತಾಯಿತು. ಗಂಟೆ ಬಾರಿಸಿದರು. ಫಿಲಿಪೀನಿನವರು, ಮಲಯಾಳಿಗಳು, ಈಜಿಪ್ಟಿನ ಒಂದು ದೊಡ್ಡ ಕುಟುಂಬ, ಎಲ್ಲ ನಡುವೆ ಬಂದು ನಿಂತರು. ನಖೋದ ನಮ್ಮ ಹತ್ತಿರವೇ ಮೊದಲು ಕೇಳಿದ. ಉಮ್ಮ ತನ್ನ ಹೆಸರು ಹೇಳಲಿಲ್ಲ.

"ಹಸನಬ್ಬ," ಎಂದಳು. "ಬೆಂಗರೆಯ ಹಸನಬ್ಬ."

ಮುದುಕ ಅವಳನ್ನೇ ನೋಡಿದ. ಮತ್ತೆ ಎದೆ ತುಂಬ ಉಸಿರೆಳೆದು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ಕೂಗಿದ. "ಹಸನಬ್ಬ!"

"ಹಾಜಿರ್!" ಎಂದು ಆ ಅಷ್ಟೂ ಜನ, ಮಕ್ಕಳು ಮರಿ ಸೇರಿ, ನಗುತ್ತಾ ಕೂಗಿದರು.

ಅವನು ನನ್ನ ಕಡೆ ತಿರುಗಿದ. ಝೊಹರಾ ಎನ್ನಬೇಕೆಂದೇ ನಾನು ಬಾಯಿ ತೆರೆದದ್ದು. ಆಣೆ ಮಾಡಿ ಹೇಳುತ್ತೇನೆ, ಬೇರೆ ಯಾವ ಯೋಚನೆಯೂ ನನ್ನಲ್ಲಿರಲಿಲ್ಲ.

"ಮಿಸ್ರಿಯಾ," ಎಂದೆ.

ಇವರ ಕೈ ನನ್ನ ಮೊಣಕೈ ಹಿಡಿಯಿತು. ಮುದುಕ ಕೂಗಿದ. ಅರಬಿಯಲ್ಲಿ ಆ ಹೆಸರಿಗೆ ಈಜಿಪ್ಟಿನವಳು ಎಂದರ್ಥ; ಈಜಿಪ್ಟಿನ ಮಕ್ಕಳು ಎಲ್ಲರಿಗಿಂತ ಮೊದಲು, ಕಿರುಚಿ, "ಹಾಜಿರ್!" ಎಂದರು. ಆ ಮಕ್ಕಳ ದನಿ ಕಿವಿಗೆ ಬಿದ್ದದ್ದೇ ತಡ, ಬತ್ತಿತೆಂದು ಉಮ್ಮ ಬಟ್ಟೆ ಬಿಚ್ಚಿದ್ದ ಎದೆ ಜುಮ್ಮೆಂದು ಹಾಲು ಇಳಿಯಿತು. ಬಿಸಿಯಾಗಿ, ಬುರ್ಖಾದೊಳಗೆ, ಹೊಟ್ಟೆಯವರೆಗೆ. ಎರಡೂ ಕೈ ಎದೆಗೆ ಒತ್ತಿಕೊಂಡು ಅಲ್ಲೇ ಹಲಗೆಯ ಮೇಲೆ ಕೂತುಬಿಟ್ಟೆ. ನೋವು! ಆಸ್ಪತ್ರೆಯಿಂದ ಆಚೆಗೆ ನನಗೆ ಮೊದಲು ನೋವಾದದ್ದು ಆಗ. ಜೋಮು ಬಿಡುವಾಗಲೇ ಅಲ್ಲವೇ ಕಾಲು ಉರಿಯುವುದು. ನಾನು ಅತ್ತೆ. ನಾಚಿಕೆಯಿಲ್ಲದೆ, ಅಷ್ಟು ಜನರ ಮಧ್ಯೆ, ಬಾಯಿಬಿಟ್ಟು ಅತ್ತೆ.

ಉಮ್ಮ ಏನೆಂದು ಕೇಳಲಿಲ್ಲ, ಅವಳಿಗೆ ತಿಳಿಯಿತು. ತನ್ನ ಶಾಲು ತೆಗೆದು ನನ್ನ ಎದೆಗೆ ಸುತ್ತಿದಳು. ಮತ್ತೆ ನೇರ ಇವರಿಗೇ, "ಕಾರು ತೆಗೀರಿ," ಎಂದಳು. "ಅಬು ಹಮೂರಿಗೆ."

ಕಬರಸ್ತಾನದ ಗೋಡೆಯ ಹೊರಗೆ ಕಾರು ನಿಂತಿತು. ಹೊತ್ತು ಇಳಿಯುತ್ತಿತ್ತು, ಗಾಳಿಗೆ ಧೂಳು ಏಳುತ್ತಿತ್ತು. ಒಳಗೆ ಹೋಗುವ ಕ್ರಮ ನಮಗಿಲ್ಲ, ನಾವಿಬ್ಬರು ಕಾರಿನ ಹಿಂದಿನ ಸೀಟಿನಲ್ಲೇ ಕೂತೆವು. ಇವರು ಇಳಿದು ಗೇಟಿನ ಕಡೆ ನಡೆದರು, ತಲೆ ತಗ್ಗಿಸಿ. ಶುಕ್ರವಾರ ಶುಕ್ರವಾರ ಒಬ್ಬರೇ ಹೀಗೆಯೇ ನಡೆದಿದ್ದರಲ್ಲ ಎಂದು ನನಗೆ ಹೊಳೆದದ್ದು ಆಗ. ಗೇಟಿನ ಒಳಗೆ ಒಂದು ಕಾಲು ಇಟ್ಟಿದ್ದರು.

ಉಮ್ಮ ಕಾರಿನ ಗಾಜು ಇಳಿಸಿ, ಕತ್ತು ಹೊರಗೆ ಚಾಚಿ, ಹಿಂದಿನಿಂದ ಗಟ್ಟಿಯಾಗಿ ಕೂಗಿದಳು.

"ಅಶ್ರಫ್! ಹೆಸರು ಹಿಡಿದು ಕರೀರಿ, ಆಯ್ತಾ?"

ಇವರು ತಿರುಗಿದರು. ಆಯಿತು ಎಂದು ಕೈ ಎತ್ತಿ, ಒಳಗೆ ಹೋದರು.